ಹೊರಗೆ ಬಂದು ಎಂಟು ತಿಂಗಳಾಯ್ತು, ಆದ್ರೂ ನಾಲ್ಕೂವರೆಗೆ ಎಚ್ಚರ ಆಗತ್ತೆ

ಪ್ರಶ್ನೆ: ಮೇಡಂ, ನನಗೆ 17 ವರ್ಷ. ಐದನೇ ಕ್ಲಾಸಲ್ಲಿದ್ದಾಗ ಅಪ್ಪ ಅಮ್ಮ ಒಬ್ಬ ಗುರೂಜಿ ಆಶ್ರಮಕ್ಕೆ ಸೇರ್ಕೊಂಡ್ರು, ಬೆಂಗಳೂರಿಂದ ಎರಡು ಗಂಟೆ ದಾರಿ. ನನ್ನ ಸ್ಕೂಲ್ ಬಿಡಿಸಿದ್ರು, ಹೆಸರೂ ಬದಲಾಯಿಸಿದ್ರು. ಎಂಟು ತಿಂಗಳ ಹಿಂದೆ ಅಮ್ಮ ನನ್ನ ಕರ್ಕೊಂಡು ಹೊರಗೆ ಬಂದ್ರು, ಈಗ ಹನುಮಂತನಗರದಲ್ಲಿ ಅಜ್ಜಿ ಮನೇಲಿದೀವಿ, ಮಾವ ಖರ್ಚು ನೋಡ್ಕೋತಾರೆ. ಅಪ್ಪ ಇನ್ನೂ ಅಲ್ಲೇ, ಭಾನುವಾರ ಫೋನ್ ಮಾಡಿ ನೀನು ವಾಪಸ್ ಬಂದ್ರೆ ಎಲ್ಲ ಸರಿಹೋಗತ್ತೆ ಅಂತಾರೆ. ಬಿಟ್ಟು ಹೋದೋರ ಮನೇಲಿ ವರ್ಷದೊಳಗೆ ಸಾವಾಗತ್ತೆ ಅಂತ ಗುರೂಜಿ ಹೇಳ್ತಿದ್ರು, ಅದಕ್ಕೆ ರಾತ್ರಿ ಎದ್ದೆದ್ದು ಅಮ್ಮ ಉಸಿರಾಡ್ತಿದಾರಾ ಅಂತ ನೋಡ್ತೀನಿ. ಬೆಳಗ್ಗೆ ನಾಲ್ಕೂವರೆಗೆ ತಾನಾಗೇ ಎಚ್ಚರ. ಮೆಟ್ರೋದಲ್ಲಿ ತುಟಿ ತಾನಾಗೇ ಜಪ ಮಾಡತ್ತೆ, ಮೊನ್ನೆ ಸಂಪಿಗೆ ರೋಡಲ್ಲಿ ಇಳೀಬೇಕಾದೋನು ಯಶವಂತಪುರದಲ್ಲಿದ್ದೆ, ಮಧ್ಯ ಏನಾಯ್ತೋ ಗೊತ್ತಿಲ್ಲ. ಹೋಟ್ಲಲ್ಲಿ ಏನು ಬೇಕು ಅಂದ್ರೆ ಬೆವರತ್ತೆ. ಟ್ಯುಟೋರಿಯಲ್ ಹುಡುಗ್ರ ಮಾತು ಒಂದೂ ಅರ್ಥ ಆಗಲ್ಲ, ಮುಂಚೆ ಯಾವ ಸ್ಕೂಲು ಅಂದ್ರೆ ಏನು ಹೇಳ್ಬೇಕೋ ತಿಳಿಯಲ್ಲ. ಅಲ್ಲಿ ನನಗೊಬ್ಬ ಫ್ರೆಂಡ್ ಇದ್ದ, ತುಂಬ ನೆನಪಾಗ್ತಾನೆ, ಆ ಜಾಗಾನೂ ನೆನಪಾಗತ್ತೆ. 15ನೇ ವಯಸ್ಸಲ್ಲಿ ಜೀವನಪೂರ್ತಿ ಇಲ್ಲೇ ಇರ್ತೀನಿ ಅಂತ ಬರೆದು ಸೈನ್ ಬೇರೆ ಮಾಡಿದೀನಿ. ನನಗೆ ಹುಚ್ಚಾ? ವಾಪಸ್ ಹೋಗ್ಬಿಡೋದೇ ವಾಸಿನಾ?

ಉತ್ತರ:

ನೀವು ಅಂತ ಬರೆಯಕ್ಕೆ ಶುರು ಮಾಡಿ ಅಳಿಸಿದೆ ಕಣೋ, ನನ್ನ ಮಗನಿಗಿಂತ ಏಳು ವರ್ಷ ಚಿಕ್ಕೋನು ನೀನು, ನೀನು ಅಂತಾನೇ ಕರೀತೀನಿ. ಕೊನೇ ಎರಡು ಪ್ರಶ್ನೆಗೆ ಮೊದಲು ಉತ್ತರ ಹೇಳ್ಬಿಡ್ತೀನಿ, ಅದು ತಲೇಲಿ ಕೂತಿದ್ರೆ ಮಿಕ್ಕಿದ್ದು ನೀನು ಓದಲ್ಲ. ಹುಚ್ಚಲ್ಲ. ವಾಪಸ್ ಹೋಗಬೇಡ.

ಈಗ ನಿಧಾನವಾಗಿ ಮಾತಾಡೋಣ.

ಎಲ್ಲಾರೂ ನಿನಗೆ ಹೇಳ್ತಿರ್ತಾರೆ, ಹೊರಗೆ ಬಂದಾಯ್ತಲ್ಲ, ಇನ್ನು ಮೊದಲಿನ ಥರ ಆಗ್ಬಿಡು ಅಂತ. ಇಲ್ಲೇ ನೋಡು ಎಡವಟ್ಟಾಗೋದು. 25ನೇ ವಯಸ್ಸಲ್ಲಿ ಇಂಥ ಕಡೆ ಸೇರ್ಕೊಂಡು 30ಕ್ಕೆ ಹೊರಗೆ ಬಂದೋರಿಗೆ ಮೊದಲು ಅಂತ ಒಂದಿರತ್ತೆ, ಓದಿದ ಕಾಲೇಜು, ಹಳೇ ಸ್ನೇಹಿತರು, ಮಾಡ್ತಿದ್ದ ಕೆಲಸ. ನೀನು ಹೋದಾಗ ಹತ್ತು ವರ್ಷದ ಹುಡುಗ, ಅದೂ ನೀನಾಗಿ ಹೋಗಿದ್ದಲ್ಲ, ಸಾಮಾನಿನ ಜೊತೆ ನಿನ್ನೂ ಆಟೋಗೆ ಹತ್ತಿಸ್ಕೊಂಡು ಹೋದ್ರು. ನಿನ್ನ ಮೊದಲು ಅಂದ್ರೆ ಐದನೇ ಕ್ಲಾಸು. ಅಲ್ಲಿಗೆ ಹೇಗೋ ವಾಪಸ್ ಹೋಗ್ತೀಯ? ನಿನಗೆ ಒಡೆದು ಹೋಗಿರೋದನ್ನ ಜೋಡಿಸೋ ಕೆಲಸ ಇಲ್ಲ, ಪಾಯದಿಂದ ಕಟ್ಟೋ ಕೆಲಸ ಇದೆ, ಅದಕ್ಕೆ ಟೈಮ್ ಜಾಸ್ತಿ ಬೇಕು. ಎಂಟು ತಿಂಗಳು ಏನೇನೂ ಅಲ್ಲ. ಮಾರ್ಗರೆಟ್ ಸಿಂಗರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞೆ 1979ರಲ್ಲೇ ಬರೆದಿದ್ರು, ಇಂಥ ಗುಂಪು ಬಿಟ್ಟು ಬಂದೋರಿಗೆ ಬದುಕು ಒಂದು ಹದಕ್ಕೆ ಬರಕ್ಕೆ ಆರರಿಂದ ಹದಿನೆಂಟು ತಿಂಗಳು ಬೇಕಾಗತ್ತೆ ಅಂತ, ಅದೂ ದೊಡ್ಡೋರಾದ ಮೇಲೆ ಸೇರಿದೋರ ಲೆಕ್ಕ. ಮತ್ತೆ ಅವರು ಹೇಳಿದ ತೊಂದರೆಗಳು ಯಾವುವು ಗೊತ್ತಾ: ನಿರ್ಧಾರ ತಗೊಳ್ಳಕ್ಕಾಗದೇ ಇರೋದು, ಇದ್ದಕ್ಕಿದ್ದ ಹಾಗೆ ಮಂಕಾಗಿ ಎಲ್ಲೋ ಜಾರಿ ಹೋಗೋದು, ಒಂಟಿತನ, ಎಲ್ಲಾರೂ ನನ್ನೇ ನೋಡ್ತಿದಾರೆ ಅನ್ನಿಸೋದು. ನಿನ್ನ ಪತ್ರ ನೋಡ್ಕೊಂಡೇ ಬರೆದಂಗಿದೆ ಅಲ್ವಾ.

ಇಂಥ ಗುಂಪಿಗೆ ಕಲ್ಟ್ ಅಂತಾರೆ. ಕನ್ನಡದಲ್ಲಿ ಸರಿಯಾದ ಪದ ನನಗಂತೂ ಸಿಕ್ಕಿಲ್ಲ, ಪಂಥ ಅಂದ್ರೆ ದಾಸಪಂಥ ನಾಥಪಂಥ ಅಂತ ಗೌರವದ ಮಾತಾಗ್ಬಿಡತ್ತೆ. ಪದ ಇಲ್ಲದೇ ಇರೋದ್ರಿಂದಾನೇ ನಿಮ್ಮಜ್ಜಿಗೆ ಅರ್ಥ ಆಗ್ತಿಲ್ಲ ಅನ್ಸತ್ತೆ, ಮಠದಲ್ಲಿ ಬೆಳೆಯೋ ಮಕ್ಕಳು ಸಾವಿರ ಇಲ್ವಾ, ಇದ್ರಲ್ಲೇನು ಅಂತಾರೆ. ಇದಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಇದ್ದು ಉಂಡು ಓದ್ತಾರೆ, ಬೆಳಗ್ಗೆ ಬೇಗ ಏಳ್ತಾರೆ, ಪ್ರಾರ್ಥನೆ ಮಾಡ್ತಾರೆ, ಆಮೇಲೆ ಎಸ್ಸೆಸ್ಸೆಲ್ಸಿ ಬರೆದು ತಮ್ಮ ಪಾಡಿಗೆ ಹೊರಗೆ ಹೋಗ್ತಾರೆ. ಬಾಗಿಲು ಎರಡೂ ಕಡೆ ತೆಗಿಯತ್ತೆ. ನಿನ್ನ ಜಾಗದಲ್ಲಿ ಸ್ಕೂಲೇ ಬಿಡಿಸಿದ್ರು, ಹೆಸರು ಕಿತ್ಕೊಂಡ್ರು, ಹೋದ್ರೆ ಸಾವು ಅಂದ್ರು. ನಿಮ್ಮಜ್ಜಿಗೆ ಇದನ್ನೇ ಹೇಳು, ಬೇಗ ಏಳಿಸಿದ್ದು ಜಪ ಮಾಡಿಸಿದ್ದು ಕಷ್ಟ ಅಂತ ಹೇಳಕ್ಕೆ ಹೋದ್ರೆ ಅವರಿಗೆ ಅದು ಕಂಪ್ಲೇಂಟೇ ಅನ್ನಿಸಲ್ಲ.

ನಾಲ್ಕೂವರೆ ಎಚ್ಚರದ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡ, ಏಳು ವರ್ಷದ ಅಭ್ಯಾಸ, ನಿಧಾನಕ್ಕೆ ಹೋಗತ್ತೆ. ಎಚ್ಚರ ಆದ್ರೆ ಎದ್ದು ಕೂತ್ಕೋಬೇಡ, ನೀರು ಕುಡಿದು ಮಗ್ಗಲು ಬದಲಾಯ್ಸಿ ಮಲ್ಕೋ. ನಿನ್ನ ವಯಸ್ಸಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು, ಅಲ್ಲಿ ಎಷ್ಟು ಸಿಗ್ತಿತ್ತು ಲೆಕ್ಕ ಹಾಕು. ಭಾನುವಾರ ಒಂಬತ್ತರವರೆಗೆ ಮಲಗಿದ್ರೆ ಸೋಮಾರಿ ಅನ್ನಬೇಡಿ ಅಂತ ಅಜ್ಜಿಗೆ ಹೇಳು, ಡಾಕ್ಟ್ರು ಹೇಳಿದಾರೆ ಅಂತಾನೇ ಹೇಳು ಬೇಕಾದ್ರೆ.

ಮೆಟ್ರೋ ವಿಷಯ ಸ್ವಲ್ಪ ವಿವರವಾಗಿ ಹೇಳ್ಬೇಕು. ನಿದ್ದೆ ಕಮ್ಮಿ, ಊಟ ಕಮ್ಮಿ, ಅದರ ಮೇಲೆ ಗಂಟೆಗಟ್ಟಲೆ ಒಂದೇ ಶಬ್ದ ಒಂದೇ ಲಯದಲ್ಲಿ ಹೇಳಿಸಿದ್ರೆ ಮನಸ್ಸು ಒಂಥರಾ ಪಕ್ಕಕ್ಕೆ ಸರಿದು ನಿಂತ್ಕೊಳ್ಳತ್ತೆ, ಎಚ್ಚರಾನೂ ಅಲ್ಲ ನಿದ್ದೆನೂ ಅಲ್ಲ. ಅಲ್ಲಿ ಅದನ್ನ ಸಮಾಧಿ ಸ್ಥಿತಿ ಅಂತಲೋ ಏನೋ ದೊಡ್ಡ ಹೆಸರಿಟ್ಟು ಕರೆದಿರ್ತಾರೆ. ಏಳು ವರ್ಷ ಪಳಗಿದ ಮನಸ್ಸಿಗೆ ಈಗ ಅದೇ ಥರ ಲಯ ಸಿಕ್ಕ ಕೂಡ್ಲೇ, ಮೆಟ್ರೋದ ಗಡಗಡ, ಫ್ಯಾನ್ ಶಬ್ದ, ಅಗರಬತ್ತಿ ವಾಸನೆ, ತಾನಾಗೇ ಜಾರತ್ತೆ. ತುಟಿ ಅಲ್ಲಾಡಿದ್ರೆ ನಿಲ್ಲಿಸಕ್ಕೆ ಒದ್ದಾಡಬೇಡ, ಒದ್ದಾಡಿದಷ್ಟೂ ಅದು ಹಿಡ್ಕೊಳ್ಳತ್ತೆ. ಬೇರೆ ಕೆಲಸ ಕೊಡು ತುಟಿಗೆ. ನ್ಯಾಷನಲ್ ಕಾಲೇಜಲ್ಲಿ ಹತ್ತಿದ್ರೆ ಸಂಪಿಗೆ ರೋಡು ನಾಲ್ಕನೇ ಸ್ಟಾಪು, ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ, ಮೆಜೆಸ್ಟಿಕ್, ಆಮೇಲೆ ನಿಂದು. ಪ್ರತಿ ಸ್ಟಾಪಲ್ಲೂ ಬೋರ್ಡಿನ ಹೆಸರನ್ನ ಮೆಲ್ಲಗೆ ಬಾಯ್ಬಿಟ್ಟು ಓದು, ಎದುರಿಗಿರೋರು ಹಾಕಿರೋ ಚಪ್ಪಲಿ ಬಣ್ಣ ನೋಡು, ಕಂಬಿ ಹಿಡ್ಕೋ, ತಣ್ಣಗಿರತ್ತೆ ಅದು. ಕೂರಬೇಡ, ನಿಂತ್ಕೋ. ಮೆಜೆಸ್ಟಿಕ್ಕಲ್ಲಿ ನಿಂತ್ಕೊಂಡು ಸಮಾಧಿಗೆ ಹೋಗಿರೋ ಮನುಷ್ಯನ್ನ ನಾನಂತೂ ನೋಡಿಲ್ಲ.

ಇನ್ನೊಂದು ಮಾತು, ಇದನ್ನ ಓದಿ ಕೆಲವರಿಗೆ ಬೇಜಾರಾಗಬಹುದು. ಯಾರಾದ್ರೂ ನಿನಗೆ ಧ್ಯಾನ ಮಾಡು ಮನಸ್ಸು ಶಾಂತ ಆಗತ್ತೆ ಅಂದ್ರೆ ಈಗ ಬೇಡ ಅನ್ನು. ಈ ಊರಲ್ಲಿ ಟೆನ್ಷನ್ ಅಂದ್ರೆ ಸಾಕು, ಪಕ್ಕದ ಮನೆ ಆಂಟಿಯಿಂದ ಹಿಡಿದು ಆಫೀಸಿನ ಎಚ್ಆರ್ ತನಕ ಎಲ್ಲಾರೂ ಕಣ್ಣು ಮುಚ್ಕೊಂಡು ಉಸಿರು ನೋಡ್ಕೋ ಅಂತಾರೆ. ಬೇರೆಯವರಿಗೆ ಒಳ್ಳೇದೇ ಇರಬಹುದು, ನಿನಗೆ ಅದು ಹಳೇ ಬಾಗಿಲು. ಒಂದಷ್ಟು ಕಾಲ ಕಣ್ಣು ಬಿಟ್ಕೊಂಡು ಮೈ ಬೆವರಿಸೋ ಕೆಲಸ ಮಾಡು, ಶಟಲ್ ಆಡು, ಸೈಕಲ್ ತುಳಿ, ಮಾವನ ಸ್ಕೂಟರ್ ತೊಳಿ.

ಹೋಟ್ಲಲ್ಲಿ ಬೆವರೋದು. ನನ್ನ ಹತ್ರ ಬರೋರಲ್ಲಿ ಇದನ್ನ ನಾಚ್ಕೊಂಡು ನಾಚ್ಕೊಂಡು ಕೊನೇಲಿ ಹೇಳ್ತಾರೆ, ಎಷ್ಟು ಚಿಕ್ಕ ವಿಷಯ ಅಂತ. ನನ್ನ ಪ್ರಕಾರ ನಿನ್ನ ಪತ್ರದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ಏನು ತಿನ್ನಬೇಕು, ಯಾವಾಗ ಮಾತಾಡಬೇಕು, ಯಾವ ಬಣ್ಣದ ಬಟ್ಟೆ, ಯಾರ ಜೊತೆ ಸ್ನೇಹ, ಎಲ್ಲಾನೂ ಏಳು ವರ್ಷ ಬೇರೆಯವರು ಹೇಳಿದಾರೆ, ನೀನಾಗಿ ಏನಾದ್ರೂ ಆಸೆ ಪಟ್ಟರೆ ಅದು ಅಹಂಕಾರ ಅಂತ ಬೈಸ್ಕೊಂಡಿದೀಯ. ಅವರು ಮುಖ್ಯವಾಗಿ ಕಿತ್ಕೊಂಡಿದ್ದು ನನಗಿದು ಬೇಕು ಅನ್ನೋ ಮಾತನ್ನ. ಅದನ್ನ ವಾಪಸ್ ತಗೊಳ್ಳಕ್ಕೆ ದೊಡ್ಡ ನಿರ್ಧಾರದಿಂದ ಶುರು ಮಾಡಬಾರದು, ಸೈನ್ಸಾ ಕಾಮರ್ಸಾ, ಅಪ್ಪನ ಜೊತೆ ಸಂಬಂಧ ಇಟ್ಕೊಳ್ಲಾ ಬೇಡ್ವಾ, ದೇವರಿದ್ದಾನಾ ಇಲ್ವಾ, ಇವೆಲ್ಲ ಕಾಯಲಿ. ದಿನಕ್ಕೊಂದು ಕೆಲಸಕ್ಕೆ ಬಾರದ ನಿರ್ಧಾರ ಮಾಡು. ದರ್ಶಿನಿಗೆ ಹೋಗಿ ಮೊದಲು ಕಣ್ಣಿಗೆ ಬಿದ್ದಿದ್ದು ಹೇಳು, ಇಡ್ಲಿ ಅಂದ್ರೆ ಇಡ್ಲಿ. ತಿಂದು ಚೆನ್ನಾಗಿಲ್ಲ ಅನ್ನಿಸಿದ್ರೆ ಇನ್ನೂ ಒಳ್ಳೇದು, ತಪ್ಪು ಆರಿಸಿದೆ, ಆಕಾಶ ಬೀಳಲಿಲ್ಲ, ನಾಳೆ ಖಾರಾಬಾತ್ ಹೇಳಿದ್ರಾಯ್ತು. ತೀರಾ ಆಗಲ್ಲ ಅನ್ನೋ ದಿನಕ್ಕೆ ಅಂತಾನೇ ನಮ್ಮೋರು ಚೌಚೌಬಾತ್ ಕಂಡುಹಿಡಿದಿದಾರೆ, ಖಾರಾಬಾತು ಕೇಸರಿಬಾತು ಎರಡೂ ಒಂದೇ ತಟ್ಟೇಲಿ, ನಾನೂ ಅದನ್ನೇ ತಗೊಳ್ಳೋದು. ತಲೆ ಬೈತಲೆ ಯಾವ ಕಡೆ, ಯಾವ ಶರ್ಟು, ಎಡಗಡೆ ಫುಟ್‌ಪಾತಾ ಬಲಗಡೆದಾ, ಹೀಗೆ ಎರಡು ಮೂರು ತಿಂಗಳು ಮಾಡಿ ನೋಡು.

ಶಾಪದ ಭಯ. ರಾತ್ರಿ ಎದ್ದು ಅಮ್ಮನ ಉಸಿರು ನೋಡ್ತೀನಿ ಅಂತ ಬರೆದಿದ್ದು ಓದಿ ನಾನು ಸ್ವಲ್ಪ ಹೊತ್ತು ಕಂಪ್ಯೂಟರ್ ಬಿಟ್ಟು ಎದ್ದು ಹೋದೆ. ಏನೂ ಆಗಲ್ಲ ಬಿಡು ಅಂತ ನಾನು ಹೇಳಲ್ಲ, ಯಾಕಂದ್ರೆ ಅದು ಸುಳ್ಳು. ನಿಮ್ಮ ಮನೇಲಿ ವಯಸ್ಸಾದ ಅಜ್ಜಿ ಇದಾರೆ, ನೆಂಟರಿಷ್ಟರು ಸೇರಿದ್ರೆ ನಲವತ್ತು ಐವತ್ತು ಜನ ಆಗ್ತಾರೆ, ಒಂದು ವರ್ಷದಲ್ಲಿ ಯಾರಿಗಾದ್ರೂ ಏನಾದ್ರೂ ಆಗೇ ಆಗತ್ತೆ, ಯಾವ ಮನೇಲೂ ಆಗತ್ತೆ, ಆಶ್ರಮದ ಒಳಗೂ ಆಗತ್ತೆ. ಈ ಥರ ಮಾತು ಹೇಳೋರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿರತ್ತೆ. ಒಳಗೆ ಸತ್ತರೆ ಮುಕ್ತಿ, ಹೊರಗೆ ಸತ್ತರೆ ಶಾಪ. ನೀನು ಒಂದು ಕೆಲಸ ಮಾಡು, ಒಂದು ಹಾಳೇಲಿ ಇವತ್ತಿನ ತಾರೀಕು ಹಾಕಿ ಗುರೂಜಿ ಏನು ಹೇಳಿದ್ರು ಅಂತ ಅವರ ಮಾತಲ್ಲೇ ಬರಿ. ಕೆಳಗೆ, ಈ ವರ್ಷ ನಮ್ಮನೇಲಿ ಯಾರೂ ಶಪಿಸದೇನೇ ಏನೇನು ಆಗಬಹುದು ಅಂತ ಬರಿ, ಅಜ್ಜಿ ಬಿಪಿ, ಮಾವನ ಶುಗರ್, ಯಾರಿಗೋ ಡೆಂಗ್ಯೂ. ಮಡಚಿ ಮಾವನ ಬೀರುವಲ್ಲಿಡು. ಏನಾದ್ರೂ ಆದ ದಿನ ಆ ಹಾಳೆ ತೆಗೆದು ನೋಡಬೇಕು, ಅದು ನಿನ್ನಿಂದ ಆಗಿಲ್ಲ ಅಂತ ನಿನ್ನ ಕೈಬರಹದಲ್ಲೇ ಇರತ್ತೆ. ರಾತ್ರಿ ಎದ್ದು ನೋಡೋದನ್ನ ಒಂದೇ ಸಲಕ್ಕೆ ಬಿಡಕ್ಕಾಗಲ್ಲ, ಈಗ ಎಷ್ಟು ಸಲ ನೋಡ್ತೀಯ ಅದರಲ್ಲಿ ಒಂದು ಸಲ ಕಮ್ಮಿ ಮಾಡು, ಮುಂದಿನ ವಾರ ಇನ್ನೊಂದು. ಅಮ್ಮನ ಹತ್ರ ಹೇಳಿದೀಯಾ ಇದನ್ನ? ಹೇಳು, ಅವರೂ ಅದೇ ಮಾತು ಕೇಳಿಸ್ಕೊಂಡು ಬಂದೋರು, ನೀನು ಮಲಗಿರೋವಾಗ ಅವರೂ ಬಂದು ನಿನ್ನ ಉಸಿರು ನೋಡ್ತಿರಬಹುದು.

ಅಮ್ಮ ಅಂದಮೇಲೆ ನೀನು ಕೇಳದೇ ಇರೋದು ಒಂದು ಹೇಳ್ತೀನಿ. ಅಮ್ಮಂಗೇನಾದ್ರೂ ಆದ್ರೆ ಅಂತ ಹೆದರಿದೀಯ, ಅಮ್ಮ ಕರ್ಕೊಂಡು ಬಂದ್ರು ಅಂತ ಬರೆದಿದೀಯ. ಅಮ್ಮ ಕರ್ಕೊಂಡು ಹೋಗಿದ್ರು ಅನ್ನೋದ್ರ ಮೇಲೆ ಒಂದು ಸಾಲು ಸಿಟ್ಟೂ ಇಲ್ಲ. ಇರಬೇಕಲ್ಲಪ್ಪ. ಇಲ್ಲಾಂದ್ರೆ ಎಲ್ಲೋ ಅದುಮಿ ಇಟ್ಟಿದೀಯ, ಅಲ್ಲಿ ಸಿಟ್ಟು ಮಾಡ್ಕೊಳ್ಳೋದು ಪಾಪ ಅಂತ ಕಲಿಸಿರ್ತಾರೆ, ಜೊತೆಗೆ ಈಗ ನಿನಗಿರೋದು ಅಮ್ಮ ಒಬ್ಬರೇ, ಅವರ ಮೇಲೆ ಸಿಟ್ಟಾದ್ರೆ ಯಾರಿದಾರೆ ಅನ್ನೋ ದಿಗಿಲು. ಸುಮಾರು ವರ್ಷದ ಹಿಂದೆ ಒಬ್ಬಳು ಹುಡುಗಿ ಬರ್ತಿದ್ಲು, ಹೆಚ್ಚುಕಮ್ಮಿ ನಿನ್ನದೇ ಕಥೆ, ಒಂದು ವರ್ಷ ಪೂರ್ತಿ ಅಮ್ಮ ದೇವತೆ ಅಂತಿದ್ಲು, ಒಂದಿನ ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ತಟ್ಟೆ ಎತ್ತಿ ಗೋಡೆಗೆ ಹೊಡೆದ್ಲು. ಮೂರು ದಿನ ತಾಯಿ ಮಗಳು ಮಾತಾಡಲಿಲ್ಲ, ನಾಲ್ಕನೇ ದಿನ ತಾಯಿ ಹೇಳಿದ್ರಂತೆ, ಉಪ್ಪಿನ ವಿಷಯ ಅಲ್ಲ ಅಂತ ನನಗೂ ಗೊತ್ತು, ಕೇಳು ಏನು ಕೇಳಬೇಕೋ. ಅಲ್ಲಿಂದ ಆ ಹುಡುಗಿ ಸುಧಾರಿಸಕ್ಕೆ ಶುರುವಾಗಿದ್ದು. ನೀನು ತಟ್ಟೆ ಎಸಿ ಅಂತ ನಾನು ಹೇಳ್ತಿಲ್ಲ! ಸಿಟ್ಟು ಬಂದಾಗ ಅದು ಬರೋದೇ ಸರಿ ಅಂತ ತಿಳ್ಕೋ, ರಾತ್ರಿ ಹನ್ನೊಂದರ ಮೇಲೆ ಮಾತ್ರ ಆ ಮಾತು ತೆಗೀಬೇಡ, ಹಗಲಲ್ಲಿ ವಾಕಿಂಗ್ ಹೋಗ್ತಾ ಪಕ್ಕಪಕ್ಕದಲ್ಲಿ ನಡೀತಾ ಕೇಳು, ಮುಖ ನೋಡ್ದೇ ಇದ್ರೆ ಇಬ್ಬರಿಗೂ ಸುಲಭ. ಯಾಕಮ್ಮ ನನ್ನ ಸ್ಕೂಲ್ ಬಿಡಿಸಿದ್ರಿ ಅಂತ ಅಷ್ಟೇ ಕೇಳು. ಉತ್ತರ ಚೆನ್ನಾಗಿರಲ್ಲ. ಆದ್ರೂ ಕೇಳು.

ಅಪ್ಪ. ಭಾನುವಾರದ ಫೋನಲ್ಲಿ ಗುರೂಜಿ ಸುಳ್ಳು ಅಂತ ವಾದ ಮಾಡಿ ಗೆಲ್ಲಕ್ಕಾಗಲ್ಲ, ಇದಕ್ಕೊಂದು ಹಳೇ ಕಥೆ ಇದೆ. 1954ರಲ್ಲಿ ಅಮೆರಿಕದ ಶಿಕಾಗೊ ಹತ್ರ ಒಬ್ಬ ಹೆಂಗಸು ಡಿಸೆಂಬರ್ 21ಕ್ಕೆ ಪ್ರಳಯ, ನಮ್ಮನ್ನ ಮಾತ್ರ ಹಾರೋ ತಟ್ಟೆ ಬಂದು ಕಾಪಾಡತ್ತೆ ಅಂತ ಹೇಳಿ ಗುಂಪು ಕಟ್ಟಿದ್ಲು, ಕೆಲವರು ಕೆಲಸ ಬಿಟ್ಟು ಬಂದು ಕೂತ್ರು. ಲಿಯಾನ್ ಫೆಸ್ಟಿಂಗರ್ ಅನ್ನೋ ಮನಶ್ಶಾಸ್ತ್ರಜ್ಞ ತನ್ನ ಕಡೆಯೋರನ್ನ ಭಕ್ತರ ವೇಷದಲ್ಲಿ ಒಳಗೆ ಕಳಿಸಿ ನೋಡಿದ. ರಾತ್ರಿ ಕಳೀತು, ನೀರೂ ಬರಲಿಲ್ಲ ತಟ್ಟೆನೂ ಬರಲಿಲ್ಲ. ಬೆಳಗಿನ ಜಾವ ಆಯಮ್ಮ, ನಮ್ಮ ಭಕ್ತಿಯಿಂದ ಪ್ರಪಂಚ ಉಳೀತು ಅಂದ್ಲು, ಅಲ್ಲಿ ಕೂತಿದ್ದೋರು ಅದನ್ನ ನಂಬಿ ಪೇಪರ್‌ನೋರಿಗೆ ಫೋನ್ ಮಾಡಕ್ಕೆ ಶುರು ಮಾಡಿದ್ರು, ಮುಂಚೆಗಿಂತ ಜೋರಾಗಿ. ಮನೆ ಮಠ ಕೆಲಸ ಎಲ್ಲ ಕಳ್ಕೊಂಡಮೇಲೆ ತಪ್ಪಾಯ್ತು ಅನ್ನೋದು ತುಂಬ ದುಬಾರಿ ಕಣೋ. ನಿಮ್ಮಪ್ಪನ ಸ್ಥಿತಿ ಅದೇ, ಜೊತೆಗೆ ನಿನ್ನೂ ಅಮ್ಮನ್ನೂ ಬೇರೆ ಕಳ್ಕೊಂಡಿದಾರೆ.

ನಗಬೇಡ, ಇದರ ಸಾದಾ ರೂಪ ನಮ್ಮೂರಲ್ಲೇ ಇದೆ. ನಿನ್ನ ಟ್ಯುಟೋರಿಯಲ್ ಹುಡುಗ್ರು ಆರ್‌ಸಿಬಿ ಆರ್‌ಸಿಬಿ ಅಂತ ಬಡ್ಕೋತಾರಲ್ಲ, ಈ ಊರಿನ ಜನ ವರ್ಷ ವರ್ಷ ಈ ಸಲ ಕಪ್ ನಮ್ದೇ ಅಂದ್ಕೊಂಡೇ ಬಂದ್ರು, 17 ಸೀಸನ್ ಸೋತ್ರೂ ಬಿಡಲಿಲ್ಲ, ನೀನು ಒಳಗಿದ್ದಾಗ 2025 ಜೂನ್ 3ಕ್ಕೆ 18ನೇ ಸಲ ಗೆದ್ದೂಬಿಟ್ರು. ಹಂಗಾದ್ರೆ ಅದೂ ಕಲ್ಟಾ ಮೇಡಂ ಅಂತ ಒಬ್ಬ ಹುಡುಗ ನನ್ನ ಕೇಳಿದ್ದ. ಕೊಹ್ಲಿ ಮೇಲೆ ಅನುಮಾನ ಬಂತು ಅಂತ ಯಾರೂ ನಿನ್ನ ಊಟ ನಿಲ್ಲಿಸಲ್ಲ, ಚೆನ್ನೈಗೆ ಸಪೋರ್ಟ್ ಮಾಡೋ ಹೆಂಡತಿ ಜೊತೆ ಸಂಸಾರ ಮಾಡ್ತಿರೋರು ಜಯನಗರದಲ್ಲೇ ಬೇಕಾದಷ್ಟು ಜನ ಇದಾರೆ ಅಂದೆ.

ಹಾಗಾಗಿ ಅಪ್ಪನ ಫೋನು ಹತ್ತು ನಿಮಿಷ, ಮಾವ ಅಥವಾ ಅಮ್ಮ ಮನೇಲಿರೋವಾಗ ಮಾತ್ರ. ಊಟ ಆಯ್ತಾ, ಮಂಡಿ ನೋವು ಹೇಗಿದೆ, ನಾನಿವತ್ತು ಗಣಿತ ಮಾಡಿದೆ. ವಾಪಸ್ ಬಾ ಅಂದ್ರೆ, ಅಪ್ಪ ಅದೊಂದು ಬಿಟ್ಟು ಬೇರೆ ಮಾತಾಡೋಣ, ಇಲ್ಲಾಂದ್ರೆ ಮುಂದಿನ ಭಾನುವಾರ ಮಾಡ್ತೀನಿ. ಕೆಟ್ಟದಾಗಿ ಇಡಬೇಡ, ಆದ್ರೆ ಇಡು. ಅವರಿಗೆ ಒಂದಿನ ಹೊರಗೆ ಬರಬೇಕು ಅನ್ನಿಸಿದ್ರೆ ಬಾಗಿಲ ಹತ್ರ ಬೈಯ್ಯದೇ ಇರೋ ಮಗ ಒಬ್ಬ ಇದ್ದಾನೆ ಅಂತ ಗೊತ್ತಿರ್ಲಿ, ಅಷ್ಟು ಮಾತ್ರ ನಿನ್ನ ಕೈಲಾಗೋದು. ಅವರನ್ನ ಎತ್ತಾಕೊಂಡು ಬಂದು ಬುದ್ಧಿ ಹೇಳೋಣ ಅಂತ ಮಾವ ಏನಾದ್ರೂ ಪ್ಲಾನ್ ಮಾಡ್ತಿದ್ರೆ ಬೇಡ ಅನ್ನು, 1970ರ ದಶಕದಲ್ಲಿ ಅಮೆರಿಕದಲ್ಲಿ ದುಡ್ಡು ಕೊಟ್ಟು ಹಂಗೆ ಮಾಡಿಸಿದ್ರು, ಕೋರ್ಟು ಕೇಸು ಆಗಿ ಎಷ್ಟೋ ಮನೆ ಇನ್ನೂ ಹಾಳಾಯ್ತು.

ನೀನು ಬರೆದುಕೊಟ್ಟ ಕಾಗದದ ಬಗ್ಗೆ ಒಂದು ನಿಮಿಷಾನೂ ಯೋಚಿಸಬೇಡ. 18 ತುಂಬದೇ ಇರೋರು ಮಾಡಿದ ಒಪ್ಪಂದಕ್ಕೆ ನಮ್ಮ ದೇಶದಲ್ಲಿ ಬೆಲೆನೇ ಇಲ್ಲ, 1872ರ ಕರಾರು ಕಾಯ್ದೆ, ಅದರ ಮೇಲೆ 1903ರಲ್ಲೇ ಬ್ರಿಟಿಷರ ಕಾಲದ ಅತಿ ದೊಡ್ಡ ಕೋರ್ಟು ಪ್ರಿವಿ ಕೌನ್ಸಿಲ್ ಕೊಟ್ಟ ತೀರ್ಪು ಇದೆ. ಜೀವನಪೂರ್ತಿ ಇಲ್ಲೇ ಇರ್ತೀನಿ ಅಂತ ದೊಡ್ಡೋರು ಬರೆದುಕೊಟ್ಟರೂ ಯಾರೂ ಕಟ್ಟಿ ಹಾಕಕ್ಕಾಗಲ್ಲ ಅನ್ನು. ಅಲ್ಲಿ ತಪ್ಪೊಪ್ಪಿಗೆ ಅಂತ ಏನಾದ್ರೂ ಬರೆಸ್ಕೊಂಡಿದ್ರೆ, ಬಹಳ ಕಡೆ ಬರೆಸ್ಕೋತಾರೆ, ಅದನ್ನ ಇಟ್ಕೊಂಡು ಯಾರಾದ್ರೂ ಹೆದರಿಸಿದ್ರೆ ಆ ಮೆಸೇಜು ಅಳಿಸಬೇಡ, ಮಾವನಿಗೆ ತೋರಿಸು, ಹೆದರಿಸೋದು ಅಪರಾಧ.

ಈಗ ಹೇಳೋದನ್ನ ಹೇಗೆ ಹೇಳ್ಬೇಕೋ ಗೊತ್ತಿಲ್ಲ, ನೇರ ಹೇಳ್ತೀನಿ. ಅಲ್ಲಿ ಯಾರಾದ್ರೂ ನಿನ್ನ ಮೈ ಮುಟ್ಟಬಾರದ ಹಾಗೆ ಮುಟ್ಟಿದ್ರೆ ಅದು ನಿನ್ನ ತಪ್ಪಲ್ಲ, ತಡ ಆಯ್ತು ಅಂತಾನೂ ಇಲ್ಲ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೊ ಕಾಯ್ದೆ ಹುಡುಗರಿಗೂ ಅನ್ವಯ ಆಗತ್ತೆ, ನಿನ್ನ ಹೇಳಿಕೆ ತಗೊಳ್ಳೋಕೆ ಪೊಲೀಸರು ಯೂನಿಫಾರಂ ಇಲ್ಲದೇ ನಿನ್ನ ಮನೆಗೋ ನೀನು ಹೇಳಿದ ಜಾಗಕ್ಕೋ ಬರಬೇಕು. ಒಂದು ಮಾತ್ರ ಮೊದಲೇ ತಿಳ್ಕೊಂಡಿರು, ಇದನ್ನ ನೀನು ಯಾವ ಕೌನ್ಸೆಲರಿಗೆ ಹೇಳಿದ್ರೂ ಅವರು ಪೊಲೀಸರಿಗೆ ತಿಳಿಸಲೇಬೇಕು ಅಂತ ಕಾನೂನಿದೆ, ಆಮೇಲೆ ಮೋಸ ಮಾಡಿದ್ರು ಅಂದ್ಕೋಬೇಡ. ಯಾವತ್ತಾದ್ರೂ ಬದುಕೋದೇ ಬೇಡ ಅನ್ನಿಸಿದ್ರೆ ಬೆಳಗಾಗ್ಲಿ ಅಂತ ಕಾಯಬೇಡ, ಅಮ್ಮನ್ನೋ ಮಾವನ್ನೋ ಎಬ್ಬಿಸು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, 24 ಗಂಟೆ ಇರತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಮಕ್ಕಳ ಸಹಾಯವಾಣಿ 1098 ಕೂಡ ನಿನಗೆ ಸಿಗತ್ತೆ, 18 ಆಗೋವರೆಗೂ ನೀನು ಮಗುನೇ ಲೆಕ್ಕದಲ್ಲಿ.

ಫೋನಲ್ಲಿ ಆಗೋ ಕೆಲಸ ಅಲ್ಲ ಮಿಕ್ಕಿದ್ದು, ಯಾರನ್ನಾದ್ರೂ ಎದುರು ಕೂತು ನೋಡಬೇಕು ನೀನು. ಹೊಸೂರು ರೋಡಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದೋರಿಗೆ ಬೇರೆ ವಿಭಾಗಾನೇ ಇದೆ. ಕ್ಯೂ ಇರತ್ತೆ, ಬೆಳಗ್ಗೆ ಬೇಗ ಹೋಗಿ, ನಿನ್ನ ನಾಲ್ಕೂವರೆ ಎಚ್ಚರ ಅವತ್ತು ಉಪಯೋಗಕ್ಕೆ ಬರತ್ತೆ. ಎಲ್ಲೇ ಹೋದ್ರೂ, ಕೌನ್ಸೆಲರ್ ಮೊದಲನೇ ದಿನಾನೇ ಆ ಗುರೂಜಿ ಕಥೆ ಪೂರ್ತಿ ಹೇಳು ಅಂತ ಕುತೂಹಲದಿಂದ ಕೇಳಿದ್ರೆ, ಅಥವಾ ಎಲ್ಲ ಮರೆತು ಮುಂದೆ ನೋಡು ಅಂದ್ರೆ, ಬೇರೆಯವರನ್ನ ಹುಡುಕು. ನೀನು ನಿದ್ದೆ ಹೇಗೆ ಮಾಡ್ತೀಯ ಅಂತ ಮೊದಲು ಕೇಳೋರು ಒಳ್ಳೇ ಕೌನ್ಸೆಲರು.

ಓದು. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ತಿದೀಯ ಅಂದ್ಕೊಂಡಿದೀನಿ, ಈಗ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಲ ಪರೀಕ್ಷೆ ಇರತ್ತೆ, ಒಂದರಲ್ಲಿ ಹೋದ ಸಬ್ಜೆಕ್ಟು ಅದೇ ವರ್ಷ ಇನ್ನೊಂದರಲ್ಲಿ ಬರೀಬಹುದು. ಅದು ಕಷ್ಟ ಅನ್ನಿಸಿದ್ರೆ ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್, ಅಲ್ಲಿ ಸಬ್ಜೆಕ್ಟು ನಾವೇ ಆರಿಸ್ಕೋಬಹುದು, ಒಂದೊಂದಾಗಿ ಪಾಸ್ ಮಾಡ್ಕೋತಾ ಹೋಗಬಹುದು. 15 ತುಂಬಿದಮೇಲೆ ಆಧಾರ್‌ನಲ್ಲಿ ಬೆರಳಚ್ಚು ಕಣ್ಣು ಹೊಸದಾಗಿ ಕೊಡಬೇಕು, ನೀನು ಒಳಗಿದ್ದೆ, ಮಾಡಿಸಿರಲ್ಲ, ಮಾಡಿಸ್ಕೋ, ಹಳೇ ಸ್ಕೂಲಿಗೆ ಹೋಗಿ ಟಿಸಿ ಕೇಳು, ಜನನ ಪತ್ರದಲ್ಲಿರೋ ಹೆಸರೇ ಎಲ್ಲಾ ಕಡೆ ಇರ್ಲಿ. 18ಕ್ಕೆ ಹತ್ತನೇ ಕ್ಲಾಸಾ ಅಂತ ಯಾರಾದ್ರೂ ಅಂದ್ರೆ ಅನ್ಲಿ.

ಮುಂಚೆ ಯಾವ ಸ್ಕೂಲು ಅಂದ್ರೆ, ಅಪ್ಪನ ಕಾರಣಕ್ಕೆ ಊರಾಚೆ ಇದ್ವಿ, ಮನೇಲೇ ಓದ್ದೆ. ಇಷ್ಟೇ. ಇದನ್ನ ಕನ್ನಡಿ ಮುಂದೆ ನಾಲ್ಕು ಸಲ ಹೇಳಿ ಅಭ್ಯಾಸ ಮಾಡ್ಕೋ. ಎಲ್ಲಾರಿಗೂ ಎಲ್ಲಾನೂ ಹೇಳೋದು ಆಶ್ರಮದ ರೂಲು, ಹೊರಗೆ ಆ ರೂಲಿಲ್ಲ. ಆದ್ರೆ ಒಬ್ಬನಿಗೆ ಹೇಳು, ಎರಡು ಮೂರು ತಿಂಗಳು ನೋಡಿ ನಂಬಿಕೆ ಬಂದಮೇಲೆ. ಸಾಲಮನ್ ಆಶ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ 1951ರಲ್ಲಿ ಒಂದು ಪ್ರಯೋಗ ಮಾಡಿದ, ಒಂದು ಗೆರೆ ತೋರಿಸಿ ಈ ಮೂರರಲ್ಲಿ ಯಾವುದು ಅದರಷ್ಟೇ ಉದ್ದ ಅಂತ ಕೇಳೋದು, ಸುತ್ತ ಕೂತೋರೆಲ್ಲ ಬೇಕಂತ ತಪ್ಪು ಹೇಳ್ತಾರೆ. ಹೆಚ್ಚುಕಮ್ಮಿ ಮೂರು ಸಲಕ್ಕೆ ಒಂದು ಸಲ ಜನ ಕಣ್ಣೆದುರಿಗೇ ಇರೋದನ್ನ ಬಿಟ್ಟು ಗುಂಪಿನ ಮಾತೇ ಹೇಳಿದ್ರು. ಆ ಗುಂಪಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳೋನು ಇದ್ದಾಗ ಮಾತ್ರ ಇವರಿಗೂ ಧೈರ್ಯ ಬಂದು ತಪ್ಪು ಹೇಳೋದು ತುಂಬ ಕಮ್ಮಿ ಆಯ್ತು. ನಿನಗೆ ಬೇಕಾಗಿರೋದೂ ಒಬ್ಬನೇ. ಕ್ರಿಕೆಟ್ಟು ಸಿನಿಮಾ ಗೊತ್ತಿಲ್ಲದ್ದನ್ನ ಗೊತ್ತಿರೋ ಥರ ನಟಿಸಬೇಡ, ಹೇಳ್ಕೊಡ್ರೋ ಅನ್ನು, ಆ ವಯಸ್ಸಿನ ಹುಡುಗ್ರಿಗೆ ಪಾಠ ಮಾಡೋ ಚಾನ್ಸ್ ಸಿಕ್ಕರೆ ಅದಕ್ಕಿಂತ ಖುಷಿ ಇಲ್ಲ.

ಆ ಜಾಗ ನೆನಪಾಗತ್ತೆ ಅಂದೆ. ಆಗ್ಲಿ. ಆ ಫ್ರೆಂಡು, ಸಾಯಂಕಾಲದ ಭಜನೆ, ನೂರಾರು ಜನಕ್ಕೆ ಅಡುಗೆ ಮಾಡೋವಾಗಿನ ಗಲಾಟೆ, ಇವೆಲ್ಲ ನಿಜವಾಗ್ಲೂ ಚೆನ್ನಾಗೇ ಇದ್ದಿರಬಹುದು, ಅಲ್ಲಿದ್ದಿದ್ದೆಲ್ಲ ಕೆಟ್ಟದ್ದು ಅಂತ ದ್ವೇಷ ಮಾಡಬೇಕಾಗಿಲ್ಲ. ನಿನಗೆ ಮೃದಂಗ ಬರತ್ತಾ, ಅನ್ನ ಬಸಿಯಕ್ಕೆ ಬರತ್ತಾ, ಅದು ನಿನ್ನದು, ಇಟ್ಕೋ. ಕೆಟ್ಟದ್ದನ್ನ ಗುರುತಿಸಕ್ಕೆ ಒಂದು ನೋಟ್‌ಬುಕ್ ಮಾಡು. ರಾಬರ್ಟ್ ಲಿಫ್ಟನ್ ಅನ್ನೋ ಮನೋವೈದ್ಯ 1961ರಲ್ಲಿ ಜನರ ಮನಸ್ಸನ್ನ ಹಿಡಿತಕ್ಕೆ ತಗೊಳ್ಳೋ ವ್ಯವಸ್ಥೆಗಳ ಎಂಟು ಗುಣ ಬರೆದಿಟ್ಟ, ಅದರಲ್ಲೊಂದು ಅವರದ್ದೇ ಭಾಷೆ ಕಟ್ಟೋದು, ಯೋಚನೆ ಅಲ್ಲೇ ನಿಂತೋಗೋ ಥರ ಪದಗಳು. ಎಡಗಡೆ ಅವರ ಪದ ಬರಿ, ಬಲಗಡೆ ಬೀದೀಲಿ ಹೇಳೋ ಹಾಗೆ ಬರಿ. ಶುದ್ಧೀಕರಣ ಅಂದ್ರೆ ಒಂದಿನ ಊಟ ಕೊಡದೇ ಇರೋದು. ಸೇವೆ ಅಂದ್ರೆ ಸಂಬಳ ಇಲ್ಲದೇ ಎಂಟು ಗಂಟೆ ಪಾತ್ರೆ ತೊಳೆಯೋದು. ಮೌನ ಅಂದ್ರೆ ನನ್ನ ಜೊತೆ ಯಾರೂ ಮಾತಾಡಬಾರದು ಅಂತ ಹೇಳಿದ್ದು. ಇವು ನಾನು ಬೇರೆಯವರಿಂದ ಕೇಳಿದ್ದು, ನಿನ್ನ ಪಟ್ಟಿ ನೀನು ಮಾಡು. ಕೆಲವು ಪದಕ್ಕೆ ಬಲಗಡೆನೂ ಒಳ್ಳೇದೇ ಬರತ್ತೆ, ಅದನ್ನ ಹಾಗೇ ಬಿಡು.

ಮತ್ತೆ ಖಾಲಿಯಾಗಿರೋ ಜಾಗಾನ ಬೇಗ ತುಂಬಬೇಡ. ನಿನ್ನಂಥೋರು ಒಂದು ಗುರು ಬಿಟ್ಟು ಆರು ತಿಂಗಳಿಗೆ ಇನ್ನೊಂದು ಗುರುನೋ, ಪಾರ್ಟಿನೋ, ಮೊಬೈಲಲ್ಲಿ ಕಿರುಚಾಡೋ ಯಾವನೋ ಮೋಟಿವೇಷನ್ ಭಾಷಣದೋನನ್ನೋ ಹಿಡ್ಕೊಳ್ಳೋದು ನಾನು ಬಹಳ ನೋಡಿದೀನಿ. ದೇವರು ಬೇಕಾ ಬೇಡ್ವಾ ಅನ್ನೋದೂ ಈಗಲೇ ತೀರ್ಮಾನ ಆಗಬೇಕಿಲ್ಲ, ದೊಡ್ಡಗಣಪತಿ ಗುಡಿ ಮುಂದೆ ಹಾದು ಹೋಗೋವಾಗ ಕೈ ಮುಗಿಬೇಕು ಅನ್ನಿಸಿದ್ರೆ ಮುಗಿ, ಇಲ್ಲಾಂದ್ರೆ ಕಡಲೆಕಾಯಿ ತಿನ್ಕೊಂಡು ಹೋಗು. ನೀನು ದಿನಾ ಮೆಟ್ರೋ ಹತ್ತೋ ಸ್ಟೇಷನ್ನಿನ ಹೆಸರು ಯಾವ ಕಾಲೇಜಿಂದ ಬಂತೋ, ಅಲ್ಲಿ ಎಚ್. ನರಸಿಂಹಯ್ಯ ಅಂತ ಒಬ್ಬ ಮೇಷ್ಟ್ರು ಇದ್ರು. ಮದುವೆ ಆಗಲಿಲ್ಲ, ಖಾದಿ ಪಂಚೆ, ಕಾಲೇಜ್ ಹಾಸ್ಟೆಲ್ಲಿನ ಒಂದು ರೂಮಲ್ಲೇ ಬದುಕು ಕಳೆದ್ರು, ಬೆಂಗಳೂರು ಯೂನಿವರ್ಸಿಟಿ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡಕ್ಕೆ ಅಂತ ಒಂದು ಸಮಿತಿ ಮಾಡಿ ಪವಾಡಪುರುಷರಿಗೆ ಬೆವರಿಳಿಸಿದ್ರು, ಪ್ರಶ್ನಿಸದೇ ಏನನ್ನೂ ಒಪ್ಪಬೇಡಿ ಅಂತಿದ್ರು. ಸರಳವಾಗಿ, ಶಿಸ್ತಾಗಿ, ಬೇರೆಯವರಿಗೋಸ್ಕರ ಬದುಕಬೇಕು ಅಂತ ನಿನಗೆ ಈಗಲೂ ಅನ್ನಿಸ್ತಿದ್ರೆ, ಅದಕ್ಕೆ ಕಾಂಪೌಂಡು ಗುರೂಜಿ ಏನೂ ಬೇಡ, ನರಸಿಂಹಯ್ಯನವರ ಥರ ಪ್ರಶ್ನೆ ಕೇಳ್ಕೊಂಡೇ ಮಾಡಬಹುದು.

ಪತ್ರದ ಕೆಳಗೆ ನೀನು ಹೆಸರು ಹಾಕಿಲ್ಲ. ಮೊದಲು ಒಂದು ಹೆಸರು ಬರೆದು, ಹೊಡೆದು ಹಾಕಿ, ಇನ್ನೊಂದು ಬರೆದು ಅದನ್ನೂ ಹೊಡೆದು ಹಾಕಿದೀಯ. ಅಜ್ಜಿ ಹಳೇ ಹೆಸರು ಕೂಗಿದಾಗ ನಿನಗೆ ತಿರುಗಿ ನೋಡಕ್ಕೆ ಆಗಲ್ಲ ಅಲ್ವಾ? ಅಜ್ಜಿ ಕೈಲಿ ಸದ್ಯಕ್ಕೆ ಪುಟ್ಟ ಅಂತಾನೇ ಕರೆಸ್ಕೋ. ಆಶ್ರಮದ ವಿಳಾಸ ಬೇಡ, ನಿನ್ನ ವಿಳಾಸಾನೂ ಬೇಡ, ಎರಡು ತಿಂಗಳು ಬಿಟ್ಟು ಇನ್ನೊಂದು ಸಲ ಬರಿ, ದರ್ಶಿನೀಲಿ ಏನು ತಿಂದೆ ಅಂತ ಬರಿ.